ಧೂಳು ತೆಗೆಯೋದಿಲ್ಲ, ವರ್ಗಾವಣೆ ಮಾಡ್ತೀನಿ!

(ಕಾರು ಒರೆಸುವ ಹಳದಿ ಬಟ್ಟೆಯೊಂದಿಗೆ ಕಾಲ್ಪನಿಕ ಸಂದರ್ಶನ)

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ಬೆಳಗ್ಗೆ ಐದೂವರೆಗೇ ಡ್ಯೂಟಿಗೆ ಹಾಜರಾಗುವವರು ಇಬ್ಬರು: ಕಾರು ಒರೆಸುವ ಹುಡುಗ ಮತ್ತು ಅವನ ಹೆಗಲ ಮೇಲಿನ ಹಳದಿ ಬಟ್ಟೆ. ಎಂಟರೊಳಗೆ ಎರಡು ಸಾಲು ಕಾರು ಮುಗಿಸಬೇಕಾದ ಹುಡುಗನಿಗೆ ಮಾತಾಡಲು ಪುರುಸೊತ್ತಿಲ್ಲ. ಹಾಗಾಗಿ ಕೆಲಸ ಮುಗಿದ ಮೇಲೆ ಪೈಪಿನ ಮೇಲೆ ಒಣಗುತ್ತಿದ್ದ ಬಟ್ಟೆಯನ್ನೇ ಮಾತಿಗೆಳೆದೆವು. ಅದು ಒಂದು ಕಾಲದಲ್ಲಿ ಹಳದಿಯಾಗಿತ್ತು ಎಂಬುದಕ್ಕೆ ಅಂಚಿನ ಹೊಲಿಗೆಯೊಂದೇ ಸಾಕ್ಷಿ.

ಪ್ರಶ್ನೆ: ತಮ್ಮ ಕೆಲಸವೇನೆಂದು ಓದುಗರಿಗೆ ಸ್ವಲ್ಪ ತಿಳಿಸಿ.

ಉತ್ತರ: ವರ್ಗಾವಣೆ ವಿಭಾಗ, ಸ್ವಾಮಿ. ಮೊದಲನೇ ಕಾರಿನ ಧೂಳನ್ನ ಎರಡನೇದಕ್ಕೆ, ಎರಡನೇದರದ್ದು ಮೂರನೇದಕ್ಕೆ. ಧೂಳು ಸರ್ವೀಸಿನಿಂದ ವಜಾ ಆಗಲ್ಲ, ಜಾಗ ಬದಲಾಗುತ್ತೆ ಅಷ್ಟೆ. ಬಕೆಟ್ಟಿರೋದು ಒಂದೇ. ಮೊದಲ ಕಾರಿಗೆ ಅದರಲ್ಲಿ ನೀರಿರುತ್ತೆ, ಐದನೇದಕ್ಕೆ ಕಾಫಿ, ಕೊನೇದಕ್ಕೆ ಗಾರೆ.

ಪ್ರಶ್ನೆ: ಆದರೂ ಕಾರು ಹೊಳೆಯುತ್ತದಲ್ಲ?

ಉತ್ತರ: ಒದ್ದೆ ಇರೋ ತನಕ ಎಲ್ಲವೂ ಹೊಳೆಯುತ್ತೆ. ಗೀರಿನೊಳಗೆ ನೀರು ತುಂಬಿಕೊಂಡಿರುತ್ತೆ, ಕಾಣಲ್ಲ. ಓನರು ನೋಡೋದೂ ಆಗಲೇ. ಒಣಗಿದ ಮೇಲೆ ಕಪ್ಪು ಕಾರಿನ ಬಾನೆಟ್ಟಿಗೆ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಬೆಳಕಿನ ಸುತ್ತ ಕೂದಲೆಳೆಯಂಥ ಗೀರುಗಳು ವರ್ತುಲ ವರ್ತುಲವಾಗಿ ಏಳುತ್ತವೆ. ಟಾರ್ಚ್ ಸರಿಸಿದರೆ ಅವೂ ಜೊತೆಗೇ ಸರಿಯುತ್ತವೆ. ಅಸಲಿಗೆ ಗೀರು ಎಲ್ಲ ದಿಕ್ಕಿಗೂ ಎಲ್ಲ ಕಡೆಯೂ ಇವೆ. ಬೆಳಕಿಗೆ ಅಡ್ಡ ಬಿದ್ದವು ಮಾತ್ರ ಸಿಕ್ಕಿಬೀಳ್ತವೆ.

ಪ್ರಶ್ನೆ: ಬಣ್ಣ ಕೆಡಿಸಿದ ಆರೋಪ ನಿಮ್ಮ ಮೇಲಿದೆ.

ಉತ್ತರ: ಬಣ್ಣವನ್ನ ನಾನು ಮುಟ್ಟೇ ಇಲ್ಲ! ಅದರ ಮೇಲೆ ಕ್ಲಿಯರ್ ಕೋಟ್ ಅಂತ ಪಾರದರ್ಶಕ ಪದರ ಇದೆ. ಸಾಮಾನ್ಯವಾಗಿ 40-50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಪೆಟ್ಟೆಲ್ಲ ಅದಕ್ಕೇ. ಪಾರದರ್ಶಕವಾಗಿ ಇರೋರಿಗೆ ಮೊದಲು ಪೆಟ್ಟು ಬೀಳೋದು ಯಾವ ಇಲಾಖೆಯಲ್ಲಿ ತಾನೇ ಇಲ್ಲ? ಅದೂ ಅಲ್ಲದೆ, ಗೀರಿದ್ದು ನನ್ನ ಮಡಿಕೆಯಲ್ಲಿ ಅಡಗಿದ್ದ ಮರಳು. ನಾನು ಬರೀ ಸಹಿ ಹಾಕಿದ್ದು.

ಪ್ರಶ್ನೆ: ಪಾಲಿಶ್ ಮಾಡಿಸಿದರೆ ಸರಿಹೋಗುತ್ತದೆ ಅನ್ನುತ್ತಾರೆ.

ಉತ್ತರ: ಪಾಲಿಶ್ ಅಂದರೆ ವಿಚಾರಣಾ ಆಯೋಗ. ಅದು ಗೀರನ್ನ ತುಂಬಲ್ಲ, ಸುತ್ತಲಿನ ಮಟ್ಟವನ್ನೇ ತೇದು ಗೀರಿನ ತಳಕ್ಕೆ ಇಳಿಸುತ್ತೆ. ಆಮೇಲೆ ಎಲ್ಲರೂ ಸಮಾನರು, ತಪ್ಪಿತಸ್ಥರೇ ಇಲ್ಲ! ಪ್ರತಿ ಸಲವೂ ಕ್ಲಿಯರ್ ಕೋಟ್ ಒಂದಿಷ್ಟು ಸವೆದಿರುತ್ತೆ, ಅದು ವರದಿಯಲ್ಲಿ ಬರಲ್ಲ. ಉಗುರಿಗೆ ತಡೆಯೋ ಗೀರಂತೂ ಕೈಯಲ್ಲಿ ಎಷ್ಟು ಉಜ್ಜಿದರೂ ಹೋಗಲ್ಲ. ಪಾಲಿಶ್ ತೇಯುತ್ತೆ, ವ್ಯಾಕ್ಸ್ ಹೊದಿಸುತ್ತೆ. ನಮ್ಮವರು ಎರಡನ್ನೂ ಒಂದೇ ಅಂದ್ಕೊಂಡು, ಗಾಯದ ಮೇಲೆ ಶಾಲು ಹೊದಿಸಿ ಸನ್ಮಾನ ಮುಗಿಸ್ತಾರೆ.

ಪ್ರಶ್ನೆ: ವ್ಯಾಕ್ಸ್ ಬಗ್ಗೆ ಗೌರವ ಇದ್ದಂತಿದೆ?

ಉತ್ತರ: ಇಲ್ಲದೆ ಏನು! ಕಾರ್ನೌಬಾ ಅಂತ ಒಂದು ತಾಳೆಜಾತಿಯ ಮರ, ಊರು ಬ್ರೆಜಿಲ್ ದೇಶದ ಈಶಾನ್ಯ ಭಾಗ. ಬಿಸಿಲಿಗೆ ತನ್ನ ನೀರು ಆರಿಹೋಗಬಾರದು ಅಂತ ಎಲೆಗೆ ತಾನೇ ಮೇಣ ಹಚ್ಚಿಕೊಳ್ಳುತ್ತೆ. ಎಲೆ ಕೊಯ್ದು ಒಣಗಿಸಿ ಬಡಿದರೆ ಮೇಣ ಪುಡಿಯಾಗಿ ಉದುರುತ್ತೆ. ಅದು ಕರಗಬೇಕಾದರೆ 80 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಮರ ನೀರು ಉಳಿಸೋಕೆ ಮಾಡಿದ್ದನ್ನ ನಾವು ಕಾರಿಗೆ ಹಚ್ಚಿ, ನೀರು ಮುತ್ತಾಗಿ ಜಾರೋದನ್ನ ನೋಡೋಕೆ ಅಂತ ಇನ್ನೊಂದು ಬಕೆಟ್ ಸುರೀತೀವಿ.

ಪ್ರಶ್ನೆ: ನೀರಿನ ಮಾತು ಬಂತು. ಬೆಂಗಳೂರಲ್ಲಿ ನೀರಿಗೆ ತತ್ವಾರವಾದ 2024ರ ಬೇಸಿಗೆ ಹೇಗಿತ್ತು?

ಉತ್ತರ: ನನ್ನ ಸುವರ್ಣಯುಗ! ಮಾರ್ಚ್‌ನಲ್ಲಿ ಜಲಮಂಡಳಿ ಆದೇಶ ಹೊರಡಿಸಿತು: ಕುಡಿಯೋ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ. ಆದೇಶ ಸರಿಯಾದದ್ದೇ. ಆದರೆ ತೊಳೆಯೋದು ನಿಂತರೂ ಹೊಳಪಿನ ಆಸೆ ನಿಲ್ಲಬೇಕಲ್ಲ? ಒಣ ಧೂಳಿನ ಮೇಲೇ ನನ್ನನ್ನ ಎಳೆದಾಡಿದರು. ಆ ಬೇಸಿಗೆಯಲ್ಲಿ ನಾನು ಬರೆದಷ್ಟು ಯಾವ ಸಾಹಿತಿಯೂ ಬರೆದಿರಲಿಕ್ಕಿಲ್ಲ.

ಪ್ರಶ್ನೆ: ಕ್ರಮವಾಗಿ ಕೆಲಸ ಮಾಡುವವರು ಯಾರೂ ಇಲ್ಲವೇ?

ಉತ್ತರ: ನಾಲ್ಕನೇ ಮಹಡಿಯ ರಿಟೈರ್ಡ್ ಮೇಷ್ಟ್ರು ಇದ್ದಾರೆ. ಭಾನುವಾರ ಕಾರನ್ನ ನೆರಳಿಗೆ ತಂದು, ಬಾನೆಟ್ ತಣ್ಣಗಾಗಿದೆಯಾ ಅಂತ ಅಂಗೈ ಇಟ್ಟು ನೋಡ್ತಾರೆ. ಟ್ಯಾಂಕರಿನ ಬೋರ್ ನೀರೇ, ಆದರೆ ಮೊದಲು ಮಗ್ಗಿನಲ್ಲಿ ಹುಯ್ದು ಧೂಳು ಇಳಿಸಿ, ಆಮೇಲೇ ಕಾರಿಗೆ ಕೈ ಹಚ್ಚೋದು. ಅವರದು ಎರಡು ಬಕೆಟ್: ಒಂದರಲ್ಲಿ ಶಾಂಪೂ, ಇನ್ನೊಂದು ಬಟ್ಟೆ ಜಾಲಿಸೋಕೆ. ಮೇಲಿಂದ ಕೆಳಕ್ಕೆ ತೊಳೆದು, ಬೋರ್ ನೀರಿನ ಬಿಳಿ ಕಲೆ ಕೂರೋ ಮೊದಲೇ ಒರೆಸ್ತಾರೆ. ಆಮೇಲೆ ಕೈಗೆ ಪ್ಲಾಸ್ಟಿಕ್ ಕವರ್ ಹಾಕ್ಕೊಂಡು ಬಾನೆಟ್ ಸವರ್ತಾರೆ. ಬರಿಗೈಗೆ ತಿಳಿಯದ ತರಿ ಕವರಿನೊಳಗಿಂದ ಗೊತ್ತಾಗುತ್ತೆ. ತರಿ ಇದ್ದರೆ ಕ್ಲೇ ಬಾರ್ ಅನ್ನೋ ಮೆತ್ತನೆ ಉಂಡೆ ಉಜ್ಜಿ ತೆಗೀತಾರೆ. ಕೊನೆಗೆ ವ್ಯಾಕ್ಸ್, ಕಂಡೂ ಕಾಣದಷ್ಟು ತೆಳ್ಳಗೆ. ಅದು ಮಬ್ಬಾದ ಮೇಲೆ ಬೆರಳಲ್ಲಿ ಒಂದು ಗೆರೆ ಎಳೀತಾರೆ. ಗೆರೆ ಸ್ವಚ್ಛವಾಗಿ ಬಂದರೆ ಒರೆಸೋ ಹೊತ್ತು.

ಪ್ರಶ್ನೆ: ಅವರನ್ನು ನೋಡಿ ಜನ ಕಲಿತರೇ?

ಉತ್ತರ: ಕನಿಕರಪಟ್ಟರು. “ಪಾಪ, ಹುಡುಗ ಬರಲಿಲ್ವಾ ಸರ್?” ಅಂತ ಕೇಳಿ ಲಿಫ್ಟ್ ಹತ್ತಿದರು.

ಪ್ರಶ್ನೆ: ಮೇಷ್ಟ್ರು ನಿಮ್ಮನ್ನು ಬಳಸುತ್ತಾರೆಯೇ?

ಉತ್ತರ: ಹತ್ತಿರ ಸೇರಿಸಲ್ಲ. ಅವರದು ಮೈಕ್ರೋಫೈಬರ್. ಅದು ನೆಲಕ್ಕೆ ಬಿದ್ದರೆ ಅಲ್ಲೇ ಸಸ್ಪೆಂಡ್, ಒಗೆಯೋವರೆಗೂ ಪೇಂಟಿಗೆ ಮುಟ್ಟಿಸಲ್ಲ. ನಾನು ದಿನಾ ಬೀಳ್ತೀನಿ, ಒಂದು ಸಲ ಕೊಡವಿದರೆ ಕ್ಲೀನ್ ಚಿಟ್.

ಪ್ರಶ್ನೆ: ಆಯುಧ ಪೂಜೆಯ ದಿನವಾದರೂ ಕಾರಿಗೆ ಭಾಗ್ಯವೇ?

ಉತ್ತರ: ಅಭಿಷೇಕವೇ ಆಗುತ್ತೆ. ಆಮೇಲೆ ವಿಭೂತಿ, ಕುಂಕುಮ, ಹಾರ. ಎರಡೂ ಕಡೆ ಕಟ್ಟಿದ ಬಾಳೆಕಂದು ಮೈಸೂರು ರಸ್ತೆಯುದ್ದಕ್ಕೂ ಗಾಳಿಗೆ ಧೂಳಿನ ಸಮೇತ ಬಾನೆಟ್ ಉಜ್ಜುತ್ತೆ. ಅವತ್ತು ನನಗೆ ರಜೆ, ಕೆಲಸ ನಿಲ್ಲಲ್ಲ.

ಪ್ರಶ್ನೆ: ನಿಮ್ಮ ಬೇಡಿಕೆ ಏನಾದರೂ?

ಉತ್ತರ: ಹುಡುಗನಿಗೆ ಇನ್ನೊಂದು ಬಕೆಟ್. ಸಿರಾಮಿಕ್ ಕೋಟಿಂಗಿಗೆ ಹತ್ತಾರು ಸಾವಿರ ಸುರಿಯೋರು, ಅದನ್ನ ಉಳಿಸೋ ಒಂದು ಪ್ಲಾಸ್ಟಿಕ್ ಬಕೆಟ್ಟಿಗೆ ಕೊಟೇಶನ್ ಕೇಳ್ತಾರೆ. ಅಸೋಸಿಯೇಷನ್ ಮೀಟಿಂಗಲ್ಲಿ ವಿಷಯ ಬಂತು, ಇಡೋಕೆ ಜಾಗ ಇಲ್ಲ ಅಂತ ತೀರ್ಮಾನ ಆಯ್ತು. ಇದ್ದ ಮೂಲೆಯನ್ನ ಸೆಕ್ರೆಟರಿಯವರ ಮೂರನೇ ಕಾರಿಗೆ ಕೊಟ್ಟಾಗಿದೆಯಂತೆ. ನಾಳೆಯಿಂದ ಅದನ್ನೂ ನಾನೇ ಒರೆಸ್ತೀನಿ, ಇದೇ ಬಕೆಟ್ಟಲ್ಲಿ.