ಫ್ರೆಂಚ್ ರಾಕ್ಸಿನವನ ಫ್ರೆಂಚ್ ಊಟ

ನಮ್ಮೂರು ಪಾಂಡವಪುರ. ಹೈದರ್, ಟಿಪ್ಪು ಕಾಲದಲ್ಲಿ ಅವರ ಕಡೆಗಿದ್ದ ಫ್ರೆಂಚ್ ಸಿಪಾಯಿಗಳು ಇಲ್ಲಿ ಡೇರೆ ಹಾಕಿದ್ದರಿಂದ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಿದ್ದಿತ್ತು. ನಮ್ಮಜ್ಜ ಕೊನೆಯವರೆಗೂ ಸಂತೆಗೆ ಹೊರಟಾಗ 'ಪ್ರೆಂಚ್ರಾಕ್ಸ್‌ಗೆ ಹೋಗ್ಬತ್ತೀನಿ' ಎಂದೇ ಹೇಳುತ್ತಿದ್ದರು. ಇನ್ನು ಪಾಂಡವರು ಬಂದು ಇದ್ದರೆನ್ನುವ ಕುಂತಿಬೆಟ್ಟ ಮನೆಯ ಹಿತ್ತಲಿನಿಂದಲೇ ಕಾಣುತ್ತದೆ. ಹೀಗಾಗಿ ಹಸಿವಿನಲ್ಲಿ ನಾನು ಭೀಮನ ಕಡೆಯವನು, ರುಚಿಯಲ್ಲಿ ಫ್ರೆಂಚರ ಕಡೆಯವನು ಎಂದು ಹೆಣ್ಣು ನೋಡಲು ಹೋದ ದಿನವೇ ಜಂಬ ಕೊಚ್ಚಿದ್ದೆ. ಹುಡುಗಿ ದಾವಣಗೆರೆಯವಳು, ಹುಟ್ಟಾ ಸಸ್ಯಾಹಾರಿ. "ಆ ಫ್ರೆಂಚರು ನಿಮ್ಮೂರಾಗೆ ಏನು ತಿಂತಿದ್ರಂತೆ?" ಎಂದು ಕೇಳಿದಳು. ಯೋಚಿಸಿದೆ. ಮುದ್ದೆಯಲ್ಲದೆ ಇನ್ನೇನು ಸಿಕ್ಕಿರುತ್ತದೆ?

ಮದುವೆಯಾಗಿ ಹತ್ತು ವರ್ಷವಾದ ದಿನ ಬೆಂಗಳೂರಿನ ಒಂದು ಫ್ರೆಂಚ್ ಹೋಟೆಲಿಗೆ ಅವಳನ್ನು ಕರೆದುಕೊಂಡು ಹೋದೆ. ಬಿಳಿ ಮೇಜುಬಟ್ಟೆ, ಮೋಂಬತ್ತಿ, ಪಕ್ಕದವರ ಪಿಸುಮಾತು. ಮೆನು ಕೈಗೆ ಬಂದಾಗ ಗೊತ್ತಾಯಿತು, ಕನ್ನಡ ಕಲಿತವನಿಗೆ ಫ್ರೆಂಚ್ ಓದುವುದು ಎಷ್ಟು ಕಷ್ಟ ಎಂದು. ನಮ್ಮಲ್ಲಿ ಬರೆದ ಅಕ್ಷರವೆಲ್ಲ ಸಂಬಳಕ್ಕೆ ತಕ್ಕ ಕೆಲಸ ಮಾಡುತ್ತದೆ. ಅವರಲ್ಲಿ ಅರ್ಧಕ್ಕರ್ಧ ಅಕ್ಷರಗಳು ಹಾಜರಿ ಹಾಕಿ ಟೀ ಕುಡಿಯಲು ಹೊರಗೆ ಹೋಗಿರುತ್ತವೆ. ನಾನು ಒಂದಕ್ಷರವನ್ನೂ ಬಿಡದೆ 'ರಟಟೌಲ್ಲೆ' ಎಂದೆ. ಬೋ ಟೈ ಕಟ್ಟಿದ್ದ ಸರ್ವರ್ 'ರಟಟೂಯ್ ಸರ್' ಎಂದು ಮೆಲ್ಲಗೆ ತಿದ್ದಿ, ನನ್ನ ಮುಖ ನೋಡಿ, ಆಮೇಲೆ ಬಗ್ಗಿ ಕಿವಿಯ ಹತ್ತಿರ ಕೇಳಿದ: "ಸಾರ್, ಮಂಡ್ಯದ ಕಡೆಯವ್ರಾ?"

ಅವನು ಮದ್ದೂರಿನ ಹತ್ತಿರದವನು. ಅಲ್ಲಿಂದ ಮುಂದೆ ಊಟ ಸಲೀಸಾಯಿತು.

"ಏನಪ್ಪಾ ಇದು ರಟಟೂಯ್ ಅಂದ್ರೆ?"

"ಬದನೆಕಾಯಿ, ದಪ್ಪ ಮೆಣಸಿನಕಾಯಿ, ಟಮಾಟೆ ಹಾಕಿ ಮಾಡಿದ್ ಪಲ್ಯ ಸಾರ್. ಖಾರ ಇರಾಕಿಲ್ಲ."

"ಅದಕ್ಕೆ ಎಂಟ್ನೂರೈವತ್ತು ರೂಪಾಯಾ?"

"ತಟ್ಟೆ ದೊಡ್ದು ಸಾರ್."

ತಟ್ಟೆ ನಿಜವಾಗಿಯೂ ದೊಡ್ಡದಿತ್ತು. ಅದರ ನಟ್ಟನಡುವೆ, ಕೆ.ಆರ್.ಎಸ್. ಹಿನ್ನೀರಿನಲ್ಲಿ ಒಂದು ತೆಪ್ಪ ನಿಂತ ಹಾಗೆ, ಪಲ್ಯ ಕೂತಿತ್ತು. ಆದರೆ ಸುಳ್ಳು ಹೇಳಬಾರದು, ರುಚಿಯಾಗಿತ್ತು. ಪ್ರತಿಯೊಂದು ತರಕಾರಿಯನ್ನೂ ಆಲಿವ್ ಎಣ್ಣೆಯಲ್ಲಿ ಬೇರೆ ಬೇರೆ ಬಾಡಿಸಿ ಆಮೇಲೆ ಒಂದುಗೂಡಿಸಿದ್ದರಿಂದ ಬದನೆ ಬದನೆಯಾಗಿಯೇ ಇತ್ತು, ಟೊಮೆಟೊ ಟೊಮೆಟೊವಾಗಿಯೇ ಇತ್ತು. ದಕ್ಷಿಣ ಫ್ರಾನ್ಸಿನ ನೀಸ್ ಕಡೆಯ ಮನೆಮನೆಯ ಅಡುಗೆಯಂತೆ. ಅಲ್ಲಿನ ಅಜ್ಜಿಯೊಬ್ಬಳು ಬೆಂಗಳೂರಿಗೆ ಬಂದು ಈ ಬಿಲ್ ನೋಡಿದ್ದರೆ ಊರಿಗೆ ವಾಪಸ್ ಹೋಗಿ ಬದನೆ ತೋಟ ಹಾಕಿಬಿಡುತ್ತಿದ್ದಳು.

ಈ ಚಪಲ ಅಲ್ಲಿಗೆ ನಿಲ್ಲಲಿಲ್ಲ. ಮುಂದಿನ ದಸರಾ ರಜೆಗೆ ಕೃಷ್ಣಗಿರಿ, ತಿರುವಣ್ಣಾಮಲೈ, ಸೆಂಜಿ ದಾಟಿ ಪುದುಚೇರಿಗೆ ಹೋದೆವು. 1954ರವರೆಗೆ ಫ್ರೆಂಚರ ಕೈಯಲ್ಲಿದ್ದ ಊರು; ಬೀದಿಗಳಿಗೆ ಇನ್ನೂ ದ್ಯುಮಾ, ಸುಫ್ರೆನ್ ಎಂಬ ಹೆಸರು, ಆ ಬೀದಿಯಲ್ಲಿ ಮಲ್ಲಿಗೆ ಹೂವಿನ ಗಾಡಿ. ಮೀನಿನ ಸಾರಾದ ಬೂಯಾಬೇಸ್ ತರಿಸಿದೆ. ಮಾರ್ಸೇಯ ಬಂದರಿನ ಈ ಸಾರಿನ ಮೇಲೆ ಇಲ್ಲಿ ಎರಡೆಸಳು ಕರಿಬೇವು ತೇಲುತ್ತಿತ್ತು. ಒಳಗಿದ್ದ ಭಟ್ಟರಿಗೆ ಕೈ ತಡೆದಿಲ್ಲ. ನನಗಂತೂ ಕರಿಬೇವು ಬಿದ್ದ ಮೇಲೆಯೇ ಅದು ಸಾರಾಯಿತು ಎನ್ನಿಸಿತು.

ಪುದುಚೇರಿಯಲ್ಲಿ ಮನಸ್ಸು ಸೋತದ್ದು ಮಾತ್ರ ಬೆಳಗಿನ ಕ್ರ್ವಾಸಾಂಗೆ. ಒಲೆಯಿಂದ ಆಗಷ್ಟೇ ತೆಗೆದದ್ದು. ತುದಿ ಮುರಿದರೆ ಒಣಗಿದ ಅರಳಿ ಎಲೆ ತುಳಿದ ಸದ್ದು. ಒಳಗೆ ಜೇನುಗೂಡಿನ ಹಾಗೆ ಕಣ್ಣು ಕಣ್ಣು. ಎಳೆದರೆ ಎಳೆ ಎಳೆಯಾಗಿ ಬಿಟ್ಟುಕೊಂಡು ಬೆಣ್ಣೆಯ ಹಬೆ ಮೂಗಿಗೆ ಬಡಿಯುತ್ತದೆ. ಅರ್ಧ ಬಾಯಿಗೆ, ಅರ್ಧ ಅಂಗಿಗೆ. ಹೆಂಡತಿ ಒಂದು ಪದರವನ್ನು ಬೆಳಕಿಗೆ ಹಿಡಿದು ನೋಡಿ, "ಇದು ಚಿರೋಟಿ ವಂಶದ್ದು" ಎಂದು ತೀರ್ಪು ಕೊಟ್ಟಳು. ಸರಿಯೇ. ಹಿಟ್ಟು ಲಟ್ಟಿಸಿ, ಜಿಡ್ಡು ಸವರಿ, ಮಡಿಸಿ, ಮತ್ತೆ ಲಟ್ಟಿಸುವ ವಿದ್ಯೆ ಎರಡಕ್ಕೂ ಒಂದೇ. ನಾವು ಸಕ್ಕರೆ ಉದುರಿಸಿ ಬಾದಾಮಿ ಹಾಲು ಸುರಿದು ಮದುವೆಗೆ ಬಡಿಸುತ್ತೇವೆ, ಅವರು ದಿನಾ ಕಾಫಿಗೆ ಅದ್ದುತ್ತಾರೆ.

ಕೊನೆಗೆ ಅಸಲಿ ಊರಿಗೇ ಹೋಗುವ ಯೋಗ ಬಂತು. ತಂಗಿಯ ಮಗ ಪ್ಯಾರಿಸ್ಸಿನಲ್ಲಿ ಓದುತ್ತಿದ್ದ. "ಬನ್ನಿ ಮಾವ, ಅತ್ತೇನೂ ಕರ್ಕೊಂಡು ಬನ್ನಿ" ಎಂದ. ಅತ್ತೆ ಎರಡು ಕೆ.ಜಿ. ಶೇಂಗಾ ಚಟ್ನಿಪುಡಿಯೊಂದಿಗೆ ಹೊರಟಳು.

ಮೊದಲ ರಾತ್ರಿ ಈರುಳ್ಳಿ ಸೂಪು. ಪ್ಯಾರಿಸ್ಸಿನ ನಡುವೆ ಲೆ ಹಾಲ್ ಎಂಬ ದೊಡ್ಡ ಮಾರುಕಟ್ಟೆಯಿತ್ತು, ನಮ್ಮ ಕೆ.ಆರ್. ಮಾರ್ಕೆಟ್ಟಿನ ಅಣ್ಣ. 1969ರಲ್ಲಿ ಅದನ್ನು ಊರಾಚೆ ರೂಂಜಿಸ್‌ಗೆ ಎತ್ತಿ ಹಾಕಿದರು. ಅದಕ್ಕೂ ಮುಂಚೆ, ಬೆಳಗಿನ ಜಾವ ಮೂಟೆ ಹೊತ್ತು ಸುಸ್ತಾದ ಹಮಾಲಿಗಳು ಚಳಿಗೆ ಕುಡಿಯುತ್ತಿದ್ದ ಸೂಪು ಇದು. ಈರುಳ್ಳಿಯನ್ನು ಬೆಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಬೆಲ್ಲದ ಬಣ್ಣ ಬರುವವರೆಗೆ ಬಾಡಿಸಿ, ಸಾರು ಹುಯ್ದು, ಮೇಲೊಂದು ಬ್ರೆಡ್ ತುಂಡು ತೇಲಿಬಿಟ್ಟು, ಅದರ ಮೇಲೆ ಚೀಸ್ ತುರಿದು ಒಲೆಗಿಟ್ಟು ಕೆಂಪಗೆ ಮಾಡುತ್ತಾರೆ. ಮುಚ್ಚಳ ಸೀಳಿದಂತೆ ಚೀಸ್ ಸೀಳಿದರೆ ಒಳಗಿಂದ ಹಬೆ. ಅದೇ ಹಮಾಲಿ ಸೂಪಿಗೆ ನಮ್ಮ ನಕ್ಷತ್ರದ ಹೋಟೆಲುಗಳಲ್ಲಿ ಟೈ ಕಟ್ಟಿದವರು ಬಂದು ಬಗ್ಗುತ್ತಾರೆ! ಬಸ್ಸಾರಿಗೂ ಒಂದು ದಿನ ಈ ಗತಿ ಬಂದೀತು.

"ಬರೀ ಈರುಳ್ಳಿ ತಾನೆ?" ಎಂದು ಹೆಂಡತಿ ಖುಷಿಯಲ್ಲಿ ಚಮಚ ಎತ್ತಿದ್ದಳು. ಅಳಿಯ ಸುಮ್ಮನಿರಬಹುದಿತ್ತು. ಪಾಪ, ಸತ್ಯವಂತ. ಸರ್ವರ್‌ನನ್ನು ಕೇಳಿಯೇಬಿಟ್ಟ. ಈರುಳ್ಳಿ ಹೌದು ಮೇಡಂ, ಆದರೆ ಸಾರು ದನದ ಮೂಳೆ ಬೇಯಿಸಿ ಬಸಿದದ್ದು ಎಂದು ಅವನೂ ಅಷ್ಟೇ ಸತ್ಯವಂತನಾಗಿ ಹೇಳಿದ. ಚಮಚ ಕೆಳಗಿಳಿಯಿತು. ಎರಡು ಬಟ್ಟಲೂ ನನ್ನ ಪಾಲಿಗೆ ಬಂದವು. ಇನ್ನು ಆ ಚೀಸುಗಳಲ್ಲಿ ಎಷ್ಟೋ ಬಗೆಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯ ರೆನ್ನೆಟ್ ಬಳಸುತ್ತಾರೆಂಬ ಸಂಗತಿಯನ್ನು ನಾನು ಇವತ್ತಿನವರೆಗೂ ಬಾಯಿಬಿಟ್ಟಿಲ್ಲ. ಈ ಬರಹ ಅವಳ ಕಣ್ಣಿಗೆ ಬೀಳದಿರಲಿ.

ಅವತ್ತು ಅವಳನ್ನು ಕಾಪಾಡಿದ್ದು ಬ್ರೆಡ್ಡು. ಅಲ್ಲಿ ಬ್ರೆಡ್ಡಿನ ವಿಷಯದಲ್ಲಿ ಹುಡುಗಾಟವಿಲ್ಲ. ಸಾಂಪ್ರದಾಯಿಕ ಬ್ರೆಡ್ ಎಂದು ಹೆಸರು ಹೇಳಿ ಮಾರಬೇಕಾದರೆ ಹಿಟ್ಟನ್ನು ಫ್ರೀಜರಿಗೆ ಹಾಕುವಂತಿಲ್ಲ, ಕಂಡಕಂಡ ಪುಡಿ ಬೆರೆಸುವಂತಿಲ್ಲ ಎಂದು 1993ರಲ್ಲಿ ಸರ್ಕಾರವೇ ಆಜ್ಞೆ ಹೊರಡಿಸಿದೆ. ಮದ್ದೂರು ವಡೆಗೂ ಇಂಥದ್ದೊಂದು ಆಜ್ಞೆ ಬಂದರೆ ರೈಲಿನಲ್ಲಿ ಮಾರುವ ಅರ್ಧ ವಡೆಗಳು ಹೆಸರು ಬದಲಾಯಿಸಿಕೊಳ್ಳಬೇಕಾಗುತ್ತದೆ. ಬ್ರೆಡ್ಡಿಗೆ ಬೇರೆ ತಟ್ಟೆ ಕೊಡದೆ ಮೇಜುಬಟ್ಟೆಯ ಮೇಲೇ ಇಟ್ಟುಕೊಳ್ಳುವುದು, ಕೊನೆಗೆ ಒಂದು ತುಣುಕಿನಿಂದ ತಟ್ಟೆಯ ಸಾಸನ್ನು ಚೊಕ್ಕವಾಗಿ ಬಳಿದು ತಿನ್ನುವುದು ಕಂಡು ನನಗೆ ಧೈರ್ಯ ಬಂತು. ತಟ್ಟೆ ಬಳಿಯುವವರನ್ನು ನಾನು ಎಲ್ಲಿದ್ದರೂ ನಂಟರೆಂದೇ ತಿಳಿಯುತ್ತೇನೆ.

ಮಾರನೆಯ ದಿನ ಬೆಳ್ಳುಳ್ಳಿ ಬೆಣ್ಣೆಯಲ್ಲಿ ಮುಳುಗಿದ ಬಸವನಹುಳು ತಿಂದೆ. ಆರು ಚಿಪ್ಪು, ಹಿಡಿಯಲು ಒಂದು ಚಿಮುಟ, ಎಳೆಯಲು ಒಂದು ಪುಟ್ಟ ಫೋರ್ಕು. ಗದ್ದೆ ಬದುವಿನ ಏಡಿಸಾರು ತಿಂದು ಬೆಳೆದವನಿಗೆ ಇದೇನು ಮಹಾ ಎಂದುಕೊಂಡಿದ್ದೆ. ಆದರೆ ಎದುರಿಗೆ ಕೂತವಳು, "ರೀ, ಹೆಸರಲ್ಲೇ ಬಸವಣ್ಣ ಅದಾನೆ" ಎಂದುಬಿಟ್ಟಳು. ನಾಲ್ಕನೆಯದಕ್ಕೆ ಚಿಮುಟ ನಡುಗಿತು.

ಅದೇ ರಾತ್ರಿ ಇನ್ನೊಂದು ಪಜೀತಿ. ಅಳಿಯನಿಗೆ ಪರೀಕ್ಷೆ, ನಾವಿಬ್ಬರೇ ಊಟಕ್ಕೆ ಹೋಗಿದ್ದೆವು. ಊಟ ಮುಗಿದು ಕಾಫಿಯೂ ಆಯಿತು, ಬಿಲ್ ಬರಲಿಲ್ಲ. ಹತ್ತು ನಿಮಿಷ, ಅರ್ಧ ಗಂಟೆ. ಸರ್ವರ್ ನಮ್ಮ ಮುಂದೆಯೇ ಓಡಾಡುತ್ತಿದ್ದಾನೆ, ನಗುತ್ತಾನೆ, ಹೋಗುತ್ತಾನೆ. ಕರಿಯರನ್ನು ಕಂಡರೆ ತಾತ್ಸಾರ ಎಂದು ನಾನು, ದುಡ್ಡು ಇಲ್ಲದವರೆಂದು ಕನಿಕರ ಪಟ್ಟನೇನೋ ಎಂದು ಅವಳು. ಮುಕ್ಕಾಲು ಗಂಟೆಗೆ ಅಳಿಯನಿಗೆ ಫೋನು ಮಾಡಿದರೆ ಬಿದ್ದು ಬಿದ್ದು ನಕ್ಕ. "ಮಾವ, ಇಲ್ಲಿ ಕೇಳ್ದೆ ಬಿಲ್ ತಂದಿಟ್ರೆ ಎದ್ದೋಗಿ ಅಂದಂಗೆ. ನೀವು ಕೇಳೋವರ್ಗೂ ಅವ್ನು ತರಲ್ಲ." ಅವನು ಹೇಳಿಕೊಟ್ಟ 'ಲಾದಿಸಿಯೋಂ ಸಿಲ್ ವು ಪ್ಲೇ' ಎಂಬ ಮಂತ್ರವನ್ನು ಹೆಂಡತಿ ಮೂರು ಸಲ ಬಾಯಿಪಾಠ ಮಾಡಿ ಒಂದೇ ಉಸಿರಿಗೆ ಒಪ್ಪಿಸಿದಳು. ಬಿಲ್ ಓಡಿ ಬಂತು. ಫ್ರೆಂಚರ ಊಟದ ಪದ್ಧತಿಯನ್ನು 2010ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿದೆ. ನಾವು ಕೂತ ಮುಕ್ಕಾಲು ಗಂಟೆಯೂ ಅದರ ಲೆಕ್ಕಕ್ಕೇ ಹೋಗಿರಬೇಕು.

ಹೊರಡುವ ಹಿಂದಿನ ದಿನ ಮೋಂಪರ್ನಾಸ್ ರೈಲು ನಿಲ್ದಾಣದ ಪಕ್ಕದ ಬೀದಿಗೆ ಹೋದೆವು. ಪಶ್ಚಿಮದ ಬ್ರಿಟನಿ ಸೀಮೆಯ ರೈಲುಗಳು ಬಂದು ನಿಲ್ಲುವುದು ಅಲ್ಲೇ. ರೈಲಿಳಿದ ಬ್ರಿಟನಿಯವರು ಸುತ್ತಮುತ್ತಲೇ ಅಂಗಡಿ ಹೂಡಿದ್ದರಿಂದ ಬೀದಿ ತುಂಬ ಗಾಲೆಟ್ ಹೋಟೆಲುಗಳು, ಮಾಟುಂಗದಲ್ಲಿ ಉಡುಪಿ ಹೋಟೆಲುಗಳಿದ್ದ ಹಾಗೆ. ದುಂಡನೆಯ ಕಬ್ಬಿಣದ ಕಾವಲಿ. ಕಾವಲಿಯ ಮುಂದೆ ನಿಂತವನು ಬೂದುಗಪ್ಪು ಹಿಟ್ಟು ಹುಯ್ದ, ಅಡ್ಡಪಟ್ಟಿ ಬಡಿದ ಮರದ ಕಡ್ಡಿಯೊಂದನ್ನು ಹಿಡಿದು ಮಣಿಕಟ್ಟು ತಿರುಗಿಸಿದ, ಹಿಟ್ಟು ಕಾವಲಿಯ ಅಂಚಿಗೆ ತೆಳ್ಳಗೆ ಹರಡಿತು. ಒಂದು ವಾರ ಬ್ರೆಡ್ಡು, ಚಟ್ನಿಪುಡಿಯಲ್ಲೇ ಕಳೆದಿದ್ದ ಹೆಂಡತಿ ಮೇಜು ಬಿಟ್ಟು ಕಾವಲಿಯ ಹತ್ತಿರಕ್ಕೇ ಹೋದಳು.

ಹಿಟ್ಟಿಗೆ ಏನೇನು ಹಾಕಿದ್ದೀರಿ ಎಂದು ಅಳಿಯನಿಂದ ಕೇಳಿಸಿದಳು. ಕಪ್ಪು ಗೋಧಿ, ನೀರು, ಉಪ್ಪು. ಮೊಟ್ಟೆ? ಇಲ್ಲ. ಕಪ್ಪು ಗೋಧಿ ಎನ್ನುವುದು ಹೆಸರಿಗಷ್ಟೆ, ಅದು ಗೋಧಿಯ ಜಾತಿಯೇ ಅಲ್ಲ. ಬೇರೇನೂ ಸರಿಯಾಗಿ ಬೆಳೆಯದ ಬಡ ನೆಲದಲ್ಲಿ ಬ್ರಿಟನಿಯ ರೈತರ ಹೊಟ್ಟೆ ಹೊರೆದ ಕಾಳು. ಕಾವಲಿಯಿಂದೆದ್ದ ವಾಸನೆಗೆ ನನ್ನ ಮೂಗು ಪಾಂಡವಪುರಕ್ಕೆ ಹೋಗಿ ಬಂತು: ರಾಗಿರೊಟ್ಟಿ, ಅಂಚು ಸ್ವಲ್ಪ ಸೀದದ್ದು. ಒಳಗೆ ಚೀಸ್, ಅಣಬೆ ಹಾಕಿ ನಾಲ್ಕು ಕಡೆಯಿಂದ ಚೌಕವಾಗಿ ಮಡಿಸಿ ಕೊಟ್ಟ. ಉಪ್ಪು ಬೆಣ್ಣೆ ಬ್ರಿಟನಿಯವರ ಹೆಮ್ಮೆ ಎಂದು ಮೇಲೊಂದು ತುಣುಕು ಇಟ್ಟ.

ಅವಳು ಫೋರ್ಕು ಪಕ್ಕಕ್ಕಿಟ್ಟು ಕೈಯಲ್ಲೇ ಮುರಿದು ತಿಂದಳು. ಎರಡು ತುತ್ತು ಮೌನ. ಆಮೇಲೆ ಅಳಿಯನಿಗೆ, "ಅವನಿಗೆ ಹೇಳಪ್ಪಾ, ಹದ ಚಲೋ ಐತಿ. ಬೆಣ್ಣೆ ಸಾಲದು."

ಅಳಿಯ ಅದನ್ನು ಹೇಗೆ ಹೇಳಿದನೋ, ಅವನು ಗಂಭೀರವಾಗಿ ತಲೆಯಾಡಿಸಿ ಇನ್ನೆರಡು ತುಣುಕು ಹಾಕಿದ.

ಊರಿಗೆ ಬಂದ ಮೇಲಿನ ಭಾನುವಾರ ಪಾಂಡವಪುರದ ಬಸ್‌ಸ್ಟ್ಯಾಂಡಿನ ಹತ್ತಿರ ತಿಂಡಿಗೆ ಹೋದೆವು. ತಟ್ಟೆ ಇಡ್ಲಿ ತಿಂದು, ಚಟ್ನಿ ಬಳಿದು, ಕಾಫಿ ಕುಡಿದು, ಫ್ರೆಂಚರ ಹಾಗೆ ಕಾಲು ಮೇಲೆ ಕಾಲು ಹಾಕಿ ಕೂತೆವು. ಬಿಲ್ ಕಾಫಿಗೆ ಮುಂಚೆಯೇ ಬಂದು ಲೋಟದ ಕೆಳಗೆ ಒದ್ದೆಯಾಗುತ್ತಿತ್ತು. ಹುಡುಗನೊಬ್ಬ ಬಂದು ನನ್ನ ಮೊಣಕೈ ಎತ್ತಿಸಿ ಮೇಜು ಒರೆಸಿದ.

"ಎದ್ದೇಳಿ ಸಾರ್, ಹಿಂದ್ಗಡೆ ಜನ ನಿಂತವ್ರೆ."