ಅಮೆರಿಕಕ್ಕೇ ಅಂಗಿಪಾಠ

ಅಮೆರಿಕದವರ ಹಾಗೆ ಬಟ್ಟೆ ಹಾಕಿಕೊಳ್ಳುವುದು ಹೇಗೆಂದು ಅಮೆರಿಕದವರನ್ನೇ ಕೇಳಿ ನೋಡಿ, ನಿಮ್ಮ ಮುಖವನ್ನೇ ನೋಡಿಯಾರು. ಕೈಗೆ ಸಿಕ್ಕ ಜೀನ್ಸು, ಅದರ ಮೇಲೊಂದು ಟೀ ಶರ್ಟು, ಮುಗಿಯಿತು. ಅದನ್ನೇ ಮಡಿ ಮೈಲಿಗೆ ಸಮೇತ ಒಂದು ಶಾಸ್ತ್ರ ಮಾಡಿ ಆಚರಿಸಬೇಕೆಂದರೆ ಜಪಾನಿನ ಹುಡುಗರೇ ಆಗಬೇಕು. ಆ ಶಾಸ್ತ್ರಕ್ಕೆ ಅಲ್ಲಿ ಅಮೆಕಾಜಿ ಎನ್ನುತ್ತಾರೆ.

ಮೊದಲ ಆಚಾರ್ಯರು ಕೆನ್ಸುಕೆ ಇಶಿಜು. ಅವರ ವ್ಯಾನ್ ಜಾಕೆಟ್ ಕಂಪನಿ ಅಮೆರಿಕದ ಐವಿ ಲೀಗ್ ಕಾಲೇಜುಗಳ ಉಡುಪನ್ನು ಜಪಾನಿನ ಹುಡುಗರಿಗೆ ಹಿಡಿಸಿತು. 1964ರ ಬೇಸಿಗೆಯಲ್ಲಿ ಟೋಕಿಯೋದ ಗಿಂಜಾದಲ್ಲಿ, ಮಿಯುಕಿ ಬೀದಿಯ ತುಂಬ ಇವರದೇ ಜಾತ್ರೆ. ಕಾಲರಿಗೂ ಗುಂಡಿಯಿರುವ ಅಂಗಿ, ಗಿಡ್ಡ ಪ್ಯಾಂಟು, ಕಂಕುಳಲ್ಲಿ ವ್ಯಾನ್ ಅಂಗಡಿಯ ಕಾಗದದ ಚೀಲ. ಮಾಡುತ್ತಿದ್ದ ಘನಕಾರ್ಯವೇನೆಂದರೆ, ಸುಮ್ಮನೆ ನಿಲ್ಲುವುದು. ಅಕ್ಟೋಬರಿನಲ್ಲಿ ಒಲಿಂಪಿಕ್ಸ್ ಇತ್ತಲ್ಲ, ಪೊಲೀಸರು ಸೆಪ್ಟೆಂಬರಿನಲ್ಲೇ ಇವರನ್ನು ಬೀದಿಯಿಂದ ಗುಡಿಸಿದರು. ಅಮೆರಿಕದಿಂದ ಬರುವ ನೆಂಟರ ಕಣ್ಣಿಗೆ ಅಮೆರಿಕದ ಅಂಗಿ ಬೀಳಬಾರದಂತೆ!

ಮರುವರ್ಷ ವ್ಯಾನ್ ಕಡೆಯವರು ಕ್ಯಾಮೆರಾ ಹೊತ್ತು ಮೂಲಕ್ಷೇತ್ರಕ್ಕೇ ಯಾತ್ರೆ ಹೊರಟರು. ಕಾಲೇಜಿನ ಹುಡುಗರೆಲ್ಲ ಸೂಟು ಬೂಟಿನಲ್ಲಿ ಸಾಲುಗಟ್ಟಿ ನಿಂತಿರುತ್ತಾರೆಂದು ಇವರ ನಂಬಿಕೆ. ಅಲ್ಲಿ ನೋಡಿದರೆ ಕತ್ತರಿಸಿದ ಚಡ್ಡಿ, ಹವಾಯಿ ಚಪ್ಪಲಿ! ಆದರೂ ಬಿಡಲಿಲ್ಲ. ತೆರುಯೋಶಿ ಹಯಾಶಿದಾ ತೆಗೆದ ಚಿತ್ರಗಳು 1965ರಲ್ಲಿ 'ಟೇಕ್ ಐವಿ' ಎಂಬ ಪುಸ್ತಕವಾದವು. ಆ ಕಾಲೇಜುಗಳ ಬೇಸಿಗೆ ಫ್ಯಾಷನ್ನಿನಲ್ಲಿ ನಮ್ಮ ಪಕ್ಕದ ಮದರಾಸಿನ ಲುಂಗಿಯ ಚೌಕಳಿಯೂ ಇತ್ತೆನ್ನಿ. ನಾವು ಮನೆಯಲ್ಲಿ ಉಟ್ಟುಕೊಂಡೇ ಕೂತೆವು, ಯಾರೂ ಫೋಟೋ ತೆಗೆಯಲಿಲ್ಲ.

ಐವಿಯಾದ ಮೇಲೆ ಜೀನ್ಸಿನ ಸರದಿ. ಒಕಾಯಾಮಾ ಸೀಮೆಯ ಕೊಜಿಮಾದವರು ಅದರಲ್ಲಿ ಎಷ್ಟು ಪಳಗಿದರೆಂದರೆ, ಬೇರೆಯವರು ಗುಜರಿಗೆ ಹಾಕಿದಂಥ ಲಾಳಿ ಮಗ್ಗಗಳಲ್ಲಿ ನಿಧಾನಕ್ಕೆ ನೇಯ್ದ ಅವರ ಬಟ್ಟೆಗೆ ಈಗ ಜಗತ್ತೇ ಬಾಯಿ ಬಿಡುತ್ತದೆ. ಇದರ ಪರಮಭಕ್ತರು ಹೊಸ ಜೀನ್ಸನ್ನು ತಿಂಗಳುಗಟ್ಟಲೆ ಒಗೆಯುವುದಿಲ್ಲ. ಮೈಯ ಮಡಿಕೆಗೆ ತಕ್ಕಂತೆ ನೀಲಿ ತಾನಾಗಿ ಮಾಸಬೇಕಂತೆ. ಅವರ ಅಮ್ಮಂದಿರ ಪಾಡು ಕೇಳಬೇಡಿ.

ಇನ್ನು ಗುರುವಿಗೆ ತಿರುಮಂತ್ರದ ಭಾಗ. ತಮ್ಮ ಅಪ್ಪಂದಿರು ಹೇಗೆ ಬಟ್ಟೆ ಹಾಕುತ್ತಿದ್ದರೆಂದು ಮರೆತ ಅಮೆರಿಕನ್ನರು 2010ರಲ್ಲಿ ಆ ಜಪಾನಿ ಪುಸ್ತಕವನ್ನು ಇಂಗ್ಲಿಷಿನಲ್ಲಿ ಅಚ್ಚುಹಾಕಿಸಿ, ಕೊಂಡು ಓದಿದರು.

ಆದ್ದರಿಂದ ಅಮೆರಿಕದಲ್ಲಿರುವ ಭಾವನವರಿಗೆ ಜೀನ್ಸು ತರಲು ಹೇಳಿದ್ದರೆ ಇವತ್ತೇ ಫೋನು ಮಾಡಿ. ಟೋಕಿಯೋ ಮೇಲೆ ಬರುವುದಾದರೆ ಅಲ್ಲೇ ಕೊಳ್ಳಲಿ. ಬೆಲೆ ಮಾತ್ರ ಅಕ್ಕನಿಗೆ ಹೇಳುವುದು ಬೇಡ.