ಕರಡಿಗೆ ಮೈಗಳ್ಳನ ಪಟ್ಟ

ಇಂಗ್ಲಿಷಿನವರು ನಮ್ಮ ಕರಡಿಯನ್ನು ‘ಸ್ಲಾತ್ ಬೇರ್’ ಅನ್ನುತ್ತಾರೆ, ಅಂದರೆ ಮೈಗಳ್ಳ ಕರಡಿ. ಗಂಗಾವತಿ ಕಡೆ ಗುಡ್ಡದ ಬುಡದಲ್ಲಿ ಶೇಂಗಾ ಬೆಳೆಯುವ ನಮ್ಮ ಕಾಕಾನಿಗೆ ಇದನ್ನು ಹೇಳಿದೆ. ಎಲಿಅಡಿಕಿ ಉಗುಳಿ, “ಹೆಸರಿಟ್ಟಾವ ಅದರ ಮುಂದ ಒಮ್ಮೆರ ಓಡಬೇಕಿತ್ತೋ ತಮ್ಮಾ” ಅಂದ. ರಾತ್ರಿ ಹೊಲ ಕಾಯ್ದು ಬೆಳಗ್ಗೆ ಕಿತ್ತುಹೋದ ಬಳ್ಳಿ ನೋಡುವವನ ಮಾತು, ಅಲ್ಲಗಳೆಯುವುದು ಹೇಗೆ?

ಹೆಸರಿಟ್ಟವರಿಗೆ ಓಡುವ ಪ್ರಮೇಯವೇ ಬರಲಿಲ್ಲ, ಇಂಗ್ಲೆಂಡಿನಲ್ಲಿದ್ದರು. 1791ರಲ್ಲಿ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಶಾ ಅವರ ಕಣ್ಣಿಗೆ ಬಿದ್ದದ್ದು ಉದ್ದನೆಯ ಬಾಗಿದ ಉಗುರು, ಮೇಲ್ದವಡೆಯ ಮುಂದಿನ ಖಾಲಿ ಜಾಗ. ದಕ್ಷಿಣ ಅಮೆರಿಕದಲ್ಲಿ ಮರಕ್ಕೆ ತಲೆಕೆಳಗಾಗಿ ಜೋತುಬಿದ್ದು ಕಾಲ ಕಳೆಯುವ ಸ್ಲಾತ್‌ಗೂ ಇಂಥವೇ ಉಗುರು. ಸರಿ, ಬೀಗತನ ಕುದುರಿತು: ‘ಬ್ರಾಡಿಪಸ್ ಅರ್ಸಿನಸ್’, ಕರಡಿಯಂಥ ನಿಧಾನಗಾಲಿನದು. ಜಾತಕ ಬಿಟ್ಟು ಉಗುರು ನೋಡಿ ಸಂಬಂಧ ಬೆಳೆಸಿದರೆ ಇನ್ನೇನಾದೀತು!

ಆ ಹಲ್ಲಿನ ಸಂದು ಇರುವುದು ಊಟಕ್ಕೆ. ಹುತ್ತ ಕೆದರಿ, ಮಣ್ಣು ಊದಿ, ಮೂಗಿನ ಹೊಳ್ಳೆ ಮುಚ್ಚಿಕೊಂಡು, ತುಟಿ ಚಾಚಿ, ಎರಡು ಹಲ್ಲಿಲ್ಲದ ಸಂದಿನಿಂದ ಗೆದ್ದಲನ್ನು ಸುರ್ರೆಂದು ಹೀರುತ್ತದೆ. ಮದುವೆ ಪಂಕ್ತಿಯಲ್ಲಿ ಹಿರಿಯರು ಸಾರು ಹೀರಿದಂತೆ ಆ ಸದ್ದು ಬಲು ದೂರ ಕೇಳುತ್ತದೆ.

1793ರಲ್ಲಿ ಮೇಯರ್ ಎಂಬಾತ ‘ಮೆಲರ್ಸಸ್’, ಜೇನುಕರಡಿ ಎಂದು ತಿದ್ದಿದ. ಶಾ ಹಚ್ಚಿದ ಬಾಲ ಮಾತ್ರ ಉದುರಲಿಲ್ಲ. ಹೀಗಾಗಿ ಇಂದಿನ ಶಾಸ್ತ್ರೀಯ ಹೆಸರು ‘ಮೆಲರ್ಸಸ್ ಅರ್ಸಿನಸ್’: ಕರಡಿಯಂಥ ಜೇನುಕರಡಿ! ಯಲಬುರ್ಗಾದ ಕೂಸಿಗೂ ಗೊತ್ತಿದ್ದದ್ದನ್ನು ಲ್ಯಾಟಿನ್ನಿನಲ್ಲಿ ಎರಡು ಸಲ ಹೇಳಿದಂತಾಯಿತು. ಇಂಗ್ಲಿಷಿನಲ್ಲಂತೂ ಮೈಗಳ್ಳತನದ ಆಪಾದನೆ ಇನ್ನೂ ಜಾರಿಯಲ್ಲಿದೆ.

ಆನೆಗೊಂದಿಯವರು ಇದನ್ನು ಒಪ್ಪಲಿಕ್ಕಿಲ್ಲ. ಅವರ ಪಾಲಿಗೆ ಅದೇ ಕಿಷ್ಕಿಂಧೆ, ಜಾಂಬವಂತ ಊರಿನವನು. ವಾಲ್ಮೀಕಿಯ ಜಾಂಬವಂತ ಪ್ರಾಯದಲ್ಲಿ ತ್ರಿವಿಕ್ರಮನಿಗೇ ಪ್ರದಕ್ಷಿಣೆ ಹಾಕಿದವನು, ಮುಪ್ಪಿನಲ್ಲೂ ತೊಂಬತ್ತು ಯೋಜನ ಹಾರಬಲ್ಲೆ ಅಂದವನು. ಹೊಳೆಯಾಚೆ ದರೋಜಿಯಲ್ಲಿ 1994ರಿಂದ ಅವನ ವಂಶಕ್ಕೆ ಸರಕಾರದ್ದೇ ಧಾಮವಿದೆ. ಇನ್ನು ಕುಷ್ಟಗಿ ಕಡೆಯ ಜಾತ್ರೆಯಲ್ಲಿ ಕರಡಿ ಅಂದರೆ ವಾದ್ಯ. ಕರಡಿ ಮಜಲು ಶುರುವಾಯಿತೆಂದರೆ ಗುಡಿಕಟ್ಟೆಯ ಮೇಲೆ ಮಲಗಿದ ನಿಜವಾದ ಮೈಗಳ್ಳರೂ ಎದ್ದು ಕೂಡುತ್ತಾರೆ.

ಕೊಪ್ಪಳದ ಮತದಾರರು 2014ರಲ್ಲೂ 2019ರಲ್ಲೂ ಕರಡಿ ಸಂಗಣ್ಣನವರನ್ನು ಲೋಕಸಭೆಗೆ ಕಳಿಸಿದರು. ಇಂಗ್ಲಿಷ್ ಪತ್ರಿಕೆಗಳೂ ಆ ಅಡ್ಡಹೆಸರನ್ನು ‘ಕರಡಿ’ ಎಂದೇ ಅಚ್ಚು ಹಾಕಿದವು. ಹಿಂದೆ ಸ್ಲಾತ್ ಸೇರಿಸುವ ಧೈರ್ಯ ಯಾರೂ ಮಾಡಲಿಲ್ಲ.